ಪದಚರ್ಚೆ: ‘ಲಿಂಗ ಸ್ಥಿರತೆ’ ಒಂದೇ ಪದ, ಹಂತ ಮಾತ್ರ ಎರಡು

ಗೆಳೆಯರೇ, ನಮಸ್ಕಾರ.

ಬೆಂಗಳೂರಿನ ಅಂಗನವಾಡಿ ಕಾರ್ಯಕರ್ತೆಯರ ತರಬೇತಿಗೆ ಒಂದು ಪಾಠ ಬರೆಯುತ್ತಿದ್ದೇನೆ. ‘ನಾನು ಹುಡುಗ’, ‘ನಾನು ಹುಡುಗಿ’ ಅನ್ನುವ ಅರಿವು ಮಗುವಿನಲ್ಲಿ ಹೇಗೆ ಬೆಳೆಯುತ್ತದೆ, ಅದರಲ್ಲಿ ದೇಹದ ಪಾಲೇನು, ಮನೆ ಮತ್ತು ಮನಸ್ಸಿನ ಪಾಲೇನು ಅನ್ನುವುದು ವಿಷಯ. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು.

ಮುಖ್ಯ ತೊಡಕು ಇದು. ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ 1966ರಲ್ಲಿ ಈ ಅರಿವು ಮೂರು ಹಂತಗಳಲ್ಲಿ ಬರುತ್ತದೆ ಎಂದರು. ಎರಡು-ಮೂರು ವರ್ಷಕ್ಕೆ ಮಗು ತಾನು ಹುಡುಗನೋ ಹುಡುಗಿಯೋ ಎಂದು ಹೇಳುತ್ತದೆ. ನಾಲ್ಕರ ಸುಮಾರಿಗೆ, ದೊಡ್ಡವರಾದ ಮೇಲೂ ಹಾಗೇ ಇರುತ್ತೇವೆ ಅಂತ ತಿಳಿಯುತ್ತದೆ. ಆರೇಳು ವರ್ಷಕ್ಕೆ, ಬಟ್ಟೆ, ಕೂದಲು, ಆಟ ಬದಲಾದರೂ ಅದು ಬದಲಾಗುವುದಿಲ್ಲ ಅನ್ನುವುದು ಗಟ್ಟಿಯಾಗುತ್ತದೆ. ನನ್ನ ಕೈಗೆ ಸಿಕ್ಕ ಕನ್ನಡ ನೋಟ್ಸ್‌ಗಳಲ್ಲಿ ಕೊನೆಯ ಎರಡಕ್ಕೂ ‘ಲಿಂಗ ಸ್ಥಿರತೆ’ ಎಂದೇ ಇದೆ.

ಇವೆರಡೂ ಒಂದಲ್ಲ. ಒಂದು ಕಾಲದ ಮಾತು, ಇನ್ನೊಂದು ವೇಷದ ಮಾತು. ಚೌಲಕ್ಕೆ ಮುಂಚೆ ಗಂಡುಮಗುವಿಗೆ ಮೊಗ್ಗಿನ ಜಡೆ ಹಾಕಿ, ಲಂಗ ತೊಡಿಸಿ ಫೋಟೊ ತೆಗೆಸುವ ಮನೆಗಳು ನಮ್ಮಲ್ಲಿ ಇವೆಯಲ್ಲ, ಅಲ್ಲಿ ನಾಲ್ಕು ವರ್ಷದ ಅಕ್ಕ ‘ಪಾಪು ಈಗ ತಂಗಿ ಆಗೋಯ್ತಾ?’ ಅಂತ ನಿಜವಾಗಿಯೂ ಕೇಳಬಹುದು. ತಾನು ದೊಡ್ಡವಳಾದ ಮೇಲೆ ಅಮ್ಮನ ಹಾಗೆ ಹೆಂಗಸಾಗುತ್ತೇನೆ ಎಂದು ಅವಳಿಗೆ ಗೊತ್ತು. ಆದರೆ ಜಡೆ ಹಾಕಿದರೆ ಹುಡುಗಿ, ತೆಗೆದರೆ ಹುಡುಗ ಅನ್ನುವ ಲೆಕ್ಕ ಇನ್ನೂ ಹೋಗಿಲ್ಲ. ಎರಡಕ್ಕೂ ಒಂದೇ ಹೆಸರಿಟ್ಟರೆ ಈ ಅಕ್ಕ ಯಾವ ಹಂತದಲ್ಲಿದ್ದಾಳೆ ಅಂತ ಟೀಚರ್ ಹೇಳುವುದಾದರೂ ಹೇಗೆ? ಸದ್ಯಕ್ಕೆ ನಾನು ‘ಮುಂದೂ ಇದೇ ಎಂಬ ಅರಿವು’, ‘ವೇಷ ಬದಲಾದರೂ ಇದೇ ಎಂಬ ಅರಿವು’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ಅರ್ಥವಾಗುತ್ತದೆ. ಇದಕ್ಕಿಂತ ಚಿಕ್ಕ ಜೋಡಿ ಯಾರಿಗಾದರೂ ಹೊಳೆಯುತ್ತದೆಯೇ?

ಇವು ಮಗು ಲೋಕವನ್ನು ಅರ್ಥಮಾಡಿಕೊಳ್ಳುವ ಬಗೆ, ಯಾರ ಮೇಲೂ ಹೇರುವ ನಿಯಮ ಅಲ್ಲ. ದೇಹ ಒಂದು ಹೇಳಿದರೆ ಮನಸ್ಸು ಇನ್ನೊಂದು ಹೇಳುವವರು ಇದ್ದಾರೆ. ತಮ್ಮ ಗುರುತನ್ನು ತಾವೇ ಹೇಳಿಕೊಳ್ಳುವ ಹಕ್ಕು ಅವರಿಗಿದೆ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಅದಕ್ಕೇ ದೇಹಕ್ಕೆ ‘ಲಿಂಗ’, ಒಳಗಿನ ಗುರುತಿಗೆ ‘ಲಿಂಗತ್ವ’ ಅಂತ ಪಾಠದ ಉದ್ದಕ್ಕೂ ಬೇರೆಬೇರೆಯಾಗಿ ಇಟ್ಟಿದ್ದೇನೆ. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಮಾತು ಪತ್ರಿಕೆಗಳಲ್ಲಿ ಆಗಲೇ ಓಡಾಡುತ್ತಿದೆ, ಹಾಗಾಗಿ ಇದು ಹೊಸದೇನಲ್ಲ.

ಇನ್ನು ದೇಹದ ಭಾಗ. ಸುಮಾರು ಆರು ವಾರದವರೆಗೆ ಎಲ್ಲ ಭ್ರೂಣಗಳ ಜನನಾಂಗದ ಮೂಲಭಾಗ ಒಂದೇ ತರಹ ಇರುತ್ತದೆ. ವೈ ವರ್ಣತಂತುವಿನಲ್ಲಿರುವ ಎಸ್‌ಆರ್‌ವೈ ಜೀನ್ ಕೆಲಸ ಶುರುಮಾಡಿದರೆ ವೃಷಣ ಬೆಳೆಯುತ್ತದೆ. ಈ ಜೀನ್ ಪತ್ತೆಯಾದದ್ದು 1990ರಲ್ಲಿ. ಇದನ್ನು ‘ಲಿಂಗ ನಿರ್ಧಾರ’ ಅಂತ ಬರೆದರೆ ಕಾರ್ಯಕರ್ತೆಯರಿಗೆ ತಟ್ಟನೆ ನೆನಪಾಗುವುದು ಸ್ಕ್ಯಾನಿಂಗ್ ಸೆಂಟರ್ ಬಾಗಿಲಲ್ಲಿರುವ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡು. 1994ರ ಕಾಯ್ದೆ ತಡೆದಿರುವ ಕೆಲಸಕ್ಕೂ ಗರ್ಭದೊಳಗೆ ತಾನಾಗಿ ನಡೆಯುವುದಕ್ಕೂ ಹೆಸರು ಇಷ್ಟು ಹತ್ತಿರ ಇರಬಾರದು. ‘ಲಿಂಗ ರೂಪುಗೊಳ್ಳುವುದು’ ಸಾಕು ಅನ್ನಿಸುತ್ತದೆ.

‘ಪುರುಷ ಹಾರ್ಮೋನ್’ ಎಂಬ ಪದವನ್ನೂ ಬಿಡಬೇಕೆಂದಿದ್ದೇನೆ. ಟೆಸ್ಟೊಸ್ಟಿರಾನ್ ಹೆಂಗಸರ ದೇಹದಲ್ಲೂ ತಯಾರಾಗುತ್ತದೆ. ಹುಟ್ಟಿನಿಂದಲೇ ಅಡ್ರಿನಲ್ ಗ್ರಂಥಿಯ ತೊಂದರೆಯಿದ್ದು, ಗರ್ಭದಲ್ಲಿ ಆಂಡ್ರೊಜೆನ್ (ಟೆಸ್ಟೊಸ್ಟಿರಾನ್ ಗುಂಪಿನ ಹಾರ್ಮೋನ್) ಜಾಸ್ತಿ ಸಿಕ್ಕ ಹೆಣ್ಣುಮಕ್ಕಳು ಸರಾಸರಿ ನೋಡಿದರೆ ಗಂಡುಮಕ್ಕಳ ಆಟಿಕೆಗಳತ್ತ ಹೆಚ್ಚು ಒಲಿಯುತ್ತಾರೆ. ಆದರೂ ಅವರಲ್ಲಿ ಹೆಚ್ಚಿನವರು ತಮ್ಮನ್ನು ಹುಡುಗಿಯರೆಂದೇ ಹೇಳಿಕೊಳ್ಳುತ್ತಾರೆ. ‘ಪುರುಷ ಹಾರ್ಮೋನ್’ ಅಂದುಬಿಟ್ಟರೆ ಈ ಎರಡನೇ ಮಾತು ಓದುಗರಿಗೆ ದಕ್ಕುವುದೇ ಇಲ್ಲ.

ನನಗೆ ಹೆಚ್ಚು ಆಸೆಯಿರುವುದು ಕೊನೆಯ ಭಾಗದ ಮೇಲೆ. ಮಕ್ಕಳು ನೋಡಿ, ಅನುಕರಿಸಿ, ಮೆಚ್ಚುಗೆ ಪಡೆದು ಕಲಿಯುತ್ತಾರೆ ಎಂದರು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ. ಗಂಡು-ಹೆಣ್ಣು ಎಂಬ ಚೌಕಟ್ಟು ಮನಸ್ಸಿನಲ್ಲಿ ಕಟ್ಟಿಕೊಂಡು ಎಲ್ಲವನ್ನೂ ಅದರಲ್ಲಿ ವಿಂಗಡಿಸುತ್ತಾರೆ ಎಂದು ಮನಶ್ಶಾಸ್ತ್ರಜ್ಞೆ ಸಾಂಡ್ರಾ ಬೆಮ್ 1981ರಲ್ಲಿ ಬರೆದರು. ಕನ್ನಡದ ಮನೆಯಲ್ಲಿ ಈ ವಿಂಗಡಣೆಗೆ ಬೇಕಾದ ಸುಳಿವು ಕಿವಿಗೆ ಬೀಳುತ್ತಲೇ ಇರುತ್ತದೆ, ಅಲ್ವಾ? ಮೊದಲು ‘ಮಗು ಅಳ್ತಿದೆ, ಅದಕ್ಕೆ ಹಸಿವು’ ಅನ್ನುತ್ತೇವೆ. ಆಮೇಲೆ ‘ಬಾರೋ’, ‘ಬಾರೇ’ ಶುರುವಾಗುತ್ತದೆ. ಕರೆಯುವುದು, ಗದರುವುದು, ಮುದ್ದು ಮಾಡುವುದು ಎಲ್ಲದರ ತುದಿಯಲ್ಲೂ ‘ಕಣೋ’ ಇಲ್ಲವೇ ‘ಕಣೇ’. ಹೆಣ್ಣುಮಗುವನ್ನೇ ಮುದ್ದಿನಿಂದ ‘ಬಾರೋ ರಾಜ’ ಅನ್ನುವ ಅಜ್ಜಿಯರೂ ಇದ್ದಾರೆ. ಇಂಗ್ಲಿಷ್ ಪಾಠಗಳ ಬೊಂಬೆ-ಕಾರು ಉದಾಹರಣೆಗಿಂತ ಇದು ನಮ್ಮ ಅಂಗನವಾಡಿಗೆ ಹತ್ತಿರ.

ಹಾಗಾಗಿ ಇನ್ನೊಂದು ಕೇಳಿಕೆ. ನಿಮ್ಮ ಕಡೆ ಎಳೆ ಮಗುವಿಗೆ ‘ಅದು’ ಅನ್ನುವುದು ಯಾವ ವಯಸ್ಸಿಗೆ ನಿಲ್ಲುತ್ತದೆ? ಹೆಣ್ಣುಮಗುವಿಗೆ ‘ಬಾರೋ’ ಅನ್ನುವ ರೂಢಿ ಧಾರವಾಡ, ಕಲಬುರಗಿ, ಕುಂದಾಪುರದ ಕಡೆ ಇದೆಯೇ? ಊರಿನ ಹೆಸರು ಸೇರಿಸಿ ಬರೆದರೆ ಪಾಠದಲ್ಲಿ ಹಾಗೇ ಬಳಸಿಕೊಳ್ಳುತ್ತೇನೆ.