ಮುಂಚಕ್ರ ಚಾಲನೆಯ ಡ್ರ್ಯಾಗ್ ಕಾರಿಗೆ ಹಿಂಬದಿ ಸಸ್ಪೆನ್ಷನ್: ಎಷ್ಟು ಬಿಗಿ ಇರಬೇಕು?

ಹಳೇ ಸಿವಿಕ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು, ಈಗ ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇನೆ. ನನ್ನ ಬಳಿ 1993ರ ಹೋಂಡಾ ಸಿವಿಕ್ ಹ್ಯಾಚ್‌ಬ್ಯಾಕ್ ಇದ್ದು, ಅದಕ್ಕೆ ಇಂಟೆಗ್ರಾದ 1.8 ಲೀಟರ್ ಎಂಜಿನ್ ಕೂರಿಸಿದ್ದೇನೆ. ಇಂಗ್ಲಿಷ್‌ಟೌನ್‌ನ ಡ್ರ್ಯಾಗ್‌ಸ್ಟ್ರಿಪ್ (ನೇರ ಓಟದ ಪಂದ್ಯದ ಪಟ್ಟಿ) 2018ರಲ್ಲಿ ಮುಚ್ಚಿಹೋದ ಮೇಲೆ ನಾವು ಕೆಲವರು ಪೆನ್ಸಿಲ್ವೇನಿಯಾದ ಮೇಪಲ್ ಗ್ರೋವ್‌ಗೆ ಹೋಗಿ ಕಾಲು ಮೈಲಿ, ಎಂದರೆ 402 ಮೀಟರ್, ಓಡಿಸುತ್ತೇವೆ. ನಾನು ಸ್ಟಿಯರಿಂಗ್ ಮುಂದೆ ಕುಳಿತಾಗ ಕಾರಿನ ಒಟ್ಟು ತೂಕ ಸುಮಾರು 1000 ಕಿಲೋ. ನಾಲ್ಕೂ ಚಕ್ರಗಳ ಕೆಳಗೆ ತಕ್ಕಡಿ ಇಟ್ಟು ತೂಗಿದಾಗ ಅದರಲ್ಲಿ ಶೇ. 62 ಭಾಗ ಮುಂದಿನ ಚಕ್ರಗಳ ಮೇಲೆ ಬಂತು. ಮುಂದೆ 13 ಇಂಚಿನ ರಿಮ್‌ಗೆ ಸ್ಲಿಕ್ ಟೈರ್ (ಗೀರುಗಳಿಲ್ಲದ ನುಣುಪು ಟೈರ್) ಹಾಕಿದ್ದೇನೆ. ಮೊದಲ 60 ಅಡಿಗೆ ಈಗ 1.95 ಸೆಕೆಂಡ್ ಹಿಡಿಯುತ್ತಿದೆ.

ತೊಂದರೆ ಏನೆಂದರೆ, ಹೊರಟ ಮೊದಲ ಕ್ಷಣದಲ್ಲಿ ಟೈರ್‌ಗಳು ಚೆನ್ನಾಗಿಯೇ ಹಿಡಿಯುತ್ತವೆ. ಒಂದೆರಡು ಮೀಟರ್ ಹೋಗುವಷ್ಟರಲ್ಲಿ ಹಿಂಭಾಗ ಕುಸಿದು, ಮೂತಿ ಮೇಲೆದ್ದು, ಮುಂದಿನ ಚಕ್ರಗಳು ನಿಂತಲ್ಲೇ ಸುತ್ತತೊಡಗುತ್ತವೆ. ಎರಡನೇ ಗೇರ್‌ಗೆ ಬದಲಿಸುವಾಗಲೂ ಇದೇ ಪಾಡು. ಹಿಂಬದಿಗೆ ನನ್ನ ಮುಂದೆ ಮೂರು ದಾರಿಗಳಿವೆ. ಕಾರ್ಖಾನೆಯ ಸ್ಪ್ರಿಂಗ್ ಉಳಿಸಿಕೊಂಡು ಹೊಂದಿಸಬಹುದಾದ ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕುವುದು ಮೊದಲನೆಯದು. ತೀರಾ ಬಿಗಿಯಾದ ಸ್ಪ್ರಿಂಗ್ ಇರುವ ಕಾಯಿಲ್‌ಓವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಜೋಡಣೆಯಲ್ಲಿರುವುದು) ಕೊಳ್ಳುವುದು ಎರಡನೆಯದು. ಶಾಕ್ ಅಬ್ಸಾರ್ಬರನ್ನೇ ತೆಗೆದು ಆ ಜಾಗದಲ್ಲಿ ಗಟ್ಟಿ ಕಬ್ಬಿಣದ ಸರಳು ಕೂರಿಸುವುದು ಮೂರನೆಯದು. ಇಲ್ಲಿನ ಒಂದು ಅಂಗಡಿಯವರು ಮೂರನೆಯದನ್ನೇ ಮಾಡಿಸಿ ಎಂದು ಒತ್ತಾಯಿಸುತ್ತಿದ್ದಾರೆ. ಹಿಂಚಕ್ರ ಚಾಲನೆಯ ಕಾರುಗಳ ಬಗ್ಗೆ ಬೇಕಾದಷ್ಟು ಬರಹಗಳಿವೆ. ಅವುಗಳಲ್ಲಿ ಯಾವುದು ನನ್ನ ಕಾರಿಗೆ ಅನ್ವಯಿಸುತ್ತದೆ, ಯಾವುದು ಇಲ್ಲ ಎಂಬುದೇ ನನಗೆ ತಿಳಿಯುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಸ್ಪ್ರಿಂಗ್ ಲೆಕ್ಕ (ಉತ್ತರ)

ನಮಸ್ಕಾರ. ಬೆಂಗಳೂರಿನಲ್ಲಿ ವಾಹನಗಳ ಸಸ್ಪೆನ್ಷನ್ ವಿನ್ಯಾಸವೇ ನನ್ನ ದಿನದ ಕೆಲಸವಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ಬೇಸರಿಸಬೇಡಿ.

ಹಿಂಚಕ್ರ ಚಾಲನೆಯ ಕಾರುಗಳ ಕುರಿತ ಬರಹಗಳನ್ನು ಮೊದಲು ಪಕ್ಕಕ್ಕಿಡಿ. ಆ ಕಾರುಗಳಲ್ಲಿ ಹಿಂದಿನ ಚಕ್ರವೇ ಕಾರನ್ನು ಮುಂದಕ್ಕೆ ತಳ್ಳುವುದರಿಂದ ಆ ಬಲವು ಹಿಂಬದಿಯ ಆರ್ಮ್‌ಗಳ (ಚಕ್ರವನ್ನು ಕಾರಿನ ದೇಹಕ್ಕೆ ಜೋಡಿಸುವ ತೋಳುಗಳ) ಮೂಲಕ ಸಾಗುತ್ತದೆ. ಆರ್ಮ್‌ಗಳ ಕೋನವನ್ನು ಬದಲಿಸಿ ಹಿಂಭಾಗ ಕೂರದಂತೆ ಮಾಡಲು ಸಾಧ್ಯವಾಗುವುದು ಅದರಿಂದಲೇ. ನಿಮ್ಮ ಕಾರಿನ ಹಿಂದಿನ ಚಕ್ರಗಳು ಸುಮ್ಮನೆ ಉರುಳಿಕೊಂಡು ಬರುತ್ತವೆ, ಅವುಗಳಿಗೆ ಚಾಲನಾ ಬಲವೇ ಇಲ್ಲ. ಹಾಗಾಗಿ ಟ್ರೇಲಿಂಗ್ ಆರ್ಮ್‌ನ ಕೋನವನ್ನು ಎಷ್ಟು ತಿದ್ದಿದರೂ ಹೊರಡುವಾಗ ಹಿಂಭಾಗ ಕೂರುವುದು ನಿಲ್ಲುವುದಿಲ್ಲ. ಅದನ್ನು ತಡೆಯಬಲ್ಲವು ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಮತ್ತು ಬಂಪ್ ರಬ್ಬರ್ (ಸಸ್ಪೆನ್ಷನ್ ಪೂರ್ತಿ ಕುಸಿಯದಂತೆ ತಡೆಯುವ ರಬ್ಬರ್ ತುಂಡು), ಇಷ್ಟೇ.

ಇನ್ನು ಭಾರದ ಲೆಕ್ಕ. ಮುಂದಿನಿಂದ ಹಿಂದಕ್ಕೆ ಎಷ್ಟು ಭಾರ ಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಕಾರಿನ ತೂಕ, ವೇಗೋತ್ಕರ್ಷ, ಗುರುತ್ವಕೇಂದ್ರದ ಎತ್ತರ ಮತ್ತು ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಎಂಬ ನಾಲ್ಕು ಸಂಗತಿಗಳು. ಸ್ಪ್ರಿಂಗ್‌ನ ಹೆಸರು ಆ ಸೂತ್ರದಲ್ಲಿ ಎಲ್ಲಿಯೂ ಇಲ್ಲ. ನಿಮ್ಮ ಸಿವಿಕ್‌ನ ವೀಲ್‌ಬೇಸ್ 2570 ಮಿ.ಮೀ. ಗುರುತ್ವಕೇಂದ್ರದ ಎತ್ತರವನ್ನು 500 ಮಿ.ಮೀ. ಎಂದೂ, ಹಿಡಿತಕ್ಕಾಗಿ ಅಂಟು ಬಳಿದ ಓಟದ ಪಟ್ಟಿಯ ಮೇಲೆ ಸ್ಲಿಕ್‌ನ ಘರ್ಷಣಾಂಕವನ್ನು 1.6 ಎಂದೂ ಹಿಡಿದರೆ, ನಿಮ್ಮ ಕಾರು ಹೆಚ್ಚೆಂದರೆ 0.76 ಜಿ (ಗುರುತ್ವ ವೇಗೋತ್ಕರ್ಷದ 0.76 ಪಾಲು) ವೇಗೋತ್ಕರ್ಷ ಪಡೆಯಬಲ್ಲದು. ಆಗ ಹಿಂದಕ್ಕೆ ಹೋಗುವ ಭಾರ ಸುಮಾರು 147 ಕಿಲೋ. ನಿಂತಾಗ 620 ಕಿಲೋ ಹೊತ್ತಿದ್ದ ಮುಂದಿನ ಟೈರ್‌ಗಳಿಗೆ ಉಳಿಯುವುದು 473 ಮಾತ್ರ. ಹಿಂದೆ ಬಂಡೆಯಂಥ ಸ್ಪ್ರಿಂಗ್ ಹಾಕಿದರೂ ಈ ಸಂಖ್ಯೆ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ.

ಹಾಗಿದ್ದರೆ ಎಲ್ಲರೂ ಹಿಂಬದಿಯನ್ನು ಬಿಗಿ ಮಾಡುವುದೇಕೆ? ಉತ್ತರ ನಿಮ್ಮ ಮಾತಿನಲ್ಲೇ ಇದೆ: ಮೊದಲು ಹಿಡಿದು, ಆಮೇಲೆ ಬಿಡುತ್ತದೆ ಎಂದಿರಿ. ಮೆತ್ತನೆಯ ಸ್ಪ್ರಿಂಗ್ ಇದ್ದಾಗ ಕಾರಿನ ದೇಹ ಹಿಂದಕ್ಕೆ ವಾಲಿ ತನ್ನ ಸಮತೋಲದ ಬಿಂದುವಿನಲ್ಲಿ ನಿಲ್ಲದೆ ಅದನ್ನು ದಾಟಿ ಹೋಗುತ್ತದೆ. ಆ ಕ್ಷಣದಲ್ಲಿ ಮುಂದಿನ ಟೈರ್‌ಗಳ ಮೇಲಿನ ಭಾರ 473 ಕಿಲೋಗಿಂತಲೂ ಕೆಳಗಿಳಿಯುತ್ತದೆ. ಸಾಮಾನ್ಯ ಕಾರಿನ ದೇಹ ಹೀಗೆ ಹಿಂದೆ ಮುಂದೆ ತೂಗುವುದು ಸೆಕೆಂಡಿಗೆ ಒಂದೂವರೆಯಿಂದ ಎರಡು ಬಾರಿ. ಅಂದರೆ ಅತಿ ಹೆಚ್ಚು ವಾಲುವ ಘಳಿಗೆ ಬರುವುದು ಹೊರಟು ಕಾಲು ಸೆಕೆಂಡಿನಿಂದ ಸೆಕೆಂಡಿನ ಮೂರನೇ ಒಂದು ಪಾಲಿನ ಒಳಗೆ. ನಿಮ್ಮ ಟೈರ್ ಜಾರತೊಡಗುವುದು ಅದರ ಆಸುಪಾಸಿನಲ್ಲೇ. ಬಿಗಿ ಸ್ಪ್ರಿಂಗ್ ಮತ್ತು ತಕ್ಕ ಶಾಕ್ ಅಬ್ಸಾರ್ಬರ್ ಭಾರ ಹೋಗುವುದನ್ನು ತಡೆಯುವುದಿಲ್ಲ, ಈ ತೂಗಾಟವನ್ನು ತಡೆಯುತ್ತವೆ. ಗೇರ್ ಬದಲಿಸುವಾಗ ಮೂತಿ ಒಮ್ಮೆ ಕೆಳಗಿಳಿದು ಮತ್ತೆ ಏಳುವುದೂ ಅದೇ ತೂಗಾಟ.

ಎಷ್ಟು ಬಿಗಿ ಎಂದರೆ, ಒಂದೊಂದು ಹಿಂಚಕ್ರಕ್ಕೆ ಸುಮಾರು 73 ಕಿಲೋ ಹೆಚ್ಚುವರಿ ಭಾರ ಬರುತ್ತದೆ. ಚಕ್ರದ ಬಳಿ ಪ್ರತಿ ಮಿಲಿಮೀಟರಿಗೆ 2 ಕಿಲೋ ಬಿಗಿ ಇದ್ದರೆ ಹಿಂಭಾಗ 37 ಮಿ.ಮೀ. ಕೂರುತ್ತದೆ, 8 ಕಿಲೋ ಇದ್ದರೆ 9 ಮಿ.ಮೀ. ಮಾತ್ರ. ಆದರೆ ಚಕ್ರದ ಬಳಿಯ ಬಿಗಿಯೂ ಸ್ಪ್ರಿಂಗ್ ಮೇಲೆ ಬರೆದ ಸಂಖ್ಯೆಯೂ ಒಂದೇ ಅಲ್ಲ. ಸ್ಪ್ರಿಂಗ್ ಕೂತಿರುವುದು ಕೆಳಗಿನ ಆರ್ಮ್‌ನ ನಡುವೆ ಎಲ್ಲೋ. ಚಕ್ರ 10 ಮಿ.ಮೀ. ಎದ್ದಾಗ ಸ್ಪ್ರಿಂಗ್ 7 ಮಿ.ಮೀ. ಒತ್ತಿಕೊಂಡರೆ, ಆ 0.7ರ ವರ್ಗದಿಂದ ಗುಣಿಸಬೇಕು, ಅಂದರೆ ಸ್ಪ್ರಿಂಗ್‌ನ ಸುಮಾರು ಅರ್ಧ ಮಾತ್ರ ಚಕ್ರಕ್ಕೆ ಸಿಗುತ್ತದೆ. ಚಕ್ರದ ಬಳಿ 8 ಬೇಕಿದ್ದರೆ 16ರ ಸ್ಪ್ರಿಂಗ್ ತರಿಸಬೇಕಾಗುತ್ತದೆ. ಜಾಕ್ ಹಾಕಿ, ಟೇಪ್ ಹಿಡಿದು ನಿಮ್ಮ ಕಾರಿನಲ್ಲೇ ಈ ಅನುಪಾತವನ್ನು ಅಳೆದುಕೊಳ್ಳಿ.

ನನ್ನ ಆಯ್ಕೆ ಎರಡನೆಯದು. ಅಷ್ಟು ಬಿಗಿ ಸ್ಪ್ರಿಂಗ್ ನಿಂತಲ್ಲಿ ಒತ್ತಿಕೊಳ್ಳುವುದು ಚಕ್ರದ ಲೆಕ್ಕದಲ್ಲಿ ಸುಮಾರು 20 ಮಿ.ಮೀ. ಮಾತ್ರವಾದ್ದರಿಂದ, ಜಾಕ್ ಎತ್ತಿದಾಗ ಅಥವಾ ಚಕ್ರ ಉಬ್ಬು ಹಾರಿದಾಗ ಅದು ಸಡಿಲವಾಗಿ ತನ್ನ ಜಾಗ ಬಿಡಬಹುದು. ಮೇಲೊಂದು ತೆಳು ಹೆಲ್ಪರ್ ಸ್ಪ್ರಿಂಗ್ ಹಾಕಿಸುವುದನ್ನು ಮರೆಯಬೇಡಿ.

ಓಣಿ ಗ್ಯಾರೇಜು (ಉತ್ತರ)

ಹುಬ್ಬಳ್ಳಿಯಿಂದ ನಮಸ್ಕಾರ. ಮೇಲಿನವರ ಲೆಕ್ಕ ಓದಿ ಸಂತೋಷವಾಯಿತು. ನನ್ನದು ಲೆಕ್ಕದ ತಲೆಯಲ್ಲ. ಕೈ ಸುಟ್ಟುಕೊಂಡ ಅನುಭವವನ್ನಷ್ಟೇ ಹೇಳುತ್ತೇನೆ. ನಾನು ಹಳೆಯ ಸ್ವಿಫ್ಟ್ ಕಾರನ್ನು ಮಹಾರಾಷ್ಟ್ರದ ಆಂಬಿ ವ್ಯಾಲಿಯ ವಿಮಾನ ಪಟ್ಟಿಯಲ್ಲಿ ಓಡಿಸಿದ್ದೇನೆ. ಸ್ವಿಫ್ಟ್‌ನ ಹಿಂಬದಿಯಲ್ಲಿ ಟಾರ್ಷನ್ ಬೀಮ್ (ಎರಡೂ ಹಿಂಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳಬಲ್ಲ ಅಡ್ಡ ತೊಲೆ) ಇರುವುದರಿಂದ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ; ನಮ್ಮ ಊರಿನಲ್ಲಿ ಸ್ಪ್ರಿಂಗ್ ಸುತ್ತುಗಳ ನಡುವೆ ಸಿಕ್ಕಿಸಲು ಸಿಗುವ ರಬ್ಬರ್ ಬಫರ್‌ಗಳನ್ನು ತುಂಬಿಯೇ ಅರ್ಧ ಕೆಲಸ ಮುಗಿಸಬಹುದು.

ಒಮ್ಮೆ ಹುಮ್ಮಸ್ಸಿನಲ್ಲಿ ಶಾಕ್ ಅಬ್ಸಾರ್ಬರ್ ಬಿಚ್ಚಿ ಸರಳನ್ನೇ ಹಾಕಿದ್ದೆ. ಹೊರಡುವಾಗ ಪರವಾಗಿಲ್ಲ ಅನ್ನಿಸಿತು. ಕೊನೆಯ ನೂರು ಮೀಟರಿನಲ್ಲಿ ರನ್‌ವೇಯ ಕಾಂಕ್ರೀಟ್ ಜೋಡಣೆಯ ಮೇಲೆ ಹಿಂಭಾಗ ಕುಪ್ಪಳಿಸಲು ಶುರುವಾಯಿತು. ಗೆರೆ ದಾಟಿ ಬ್ರೇಕ್ ಒತ್ತಿದೊಡನೆ ಮೊದಲೇ ಹಗುರವಾಗಿದ್ದ ಹಿಂಚಕ್ರಗಳು ನೆಲ ಬಿಟ್ಟು, ಕಾರು ಅಡ್ಡಕ್ಕೆ ತಿರುಗಲು ನೋಡಿತು. ಅವತ್ತೇ ಸರಳುಗಳು ಗುಜರಿಗೆ ಹೋದವು. ಡ್ರ್ಯಾಗ್‌ಸ್ಟ್ರಿಪ್ ಎಷ್ಟೇ ನುಣುಪಾಗಿದ್ದರೂ ನಿಲ್ಲಿಸುವ ಜಾಗವೂ ಹಾಗೆಯೇ ಇರುತ್ತದೆ ಎಂದುಕೊಳ್ಳಬೇಡಿ. ಆ ಅಂಗಡಿಯವರನ್ನು ಒಮ್ಮೆ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬ್ರೇಕ್ ಒತ್ತಿ ತೋರಿಸಿದರೆ ಅವರ ಒತ್ತಾಯ ನಿಲ್ಲಬಹುದು.

ಇನ್ನೊಂದು ಮಾತು: ಅಂಟು ಬಳಿಯದ ನಮ್ಮ ರನ್‌ವೇಗಳಲ್ಲಿ ಹಿಡಿತ ಕಡಿಮೆ, ಆದ್ದರಿಂದ ಅಷ್ಟು ಬಿಗಿ ಬೇಕಾಗಲಿಲ್ಲ. ಬದಲಿಗೆ ನಾನು ಹಿಂಭಾಗವನ್ನು ಒಂದು ಇಂಚು ಎತ್ತರಿಸಿದ್ದೆ. ಅದರಿಂದ ಭಾರ ಮುಂದಕ್ಕೆ ಬೀಳುತ್ತದೆ ಎನ್ನುತ್ತಾರೆ. ನಿಜವೇ?

ಸ್ಪ್ರಿಂಗ್ ಲೆಕ್ಕ (ಮರು ಉತ್ತರ)

ರನ್‌ವೇ ಬಗ್ಗೆ ನೀವು ಹೇಳಿದ್ದು ಸರಿ. ಇದೇ ಸಿವಿಕ್‌ಗೆ ಘರ್ಷಣಾಂಕ 0.9 ಎಂದು ಇಟ್ಟರೆ ಹಿಂದಕ್ಕೆ ಹೋಗುವ ಭಾರ 147 ಕಿಲೋ ಬದಲು 92 ಕಿಲೋಗೆ ಇಳಿಯುತ್ತದೆ. ನಿಮ್ಮ ಹಳೆಯ ಸ್ವಿಫ್ಟ್‌ನ ವೀಲ್‌ಬೇಸ್ 2390 ಮಿ.ಮೀ. ಮಾತ್ರವಾದ್ದರಿಂದ, ಉಳಿದದ್ದೆಲ್ಲ ಒಂದೇ ಆಗಿದ್ದರೆ ಅದರ ಪಾಡು ಸಿವಿಕ್‌ಗಿಂತ ತುಸು ಕಷ್ಟ.

ಹಿಂಭಾಗ ಎತ್ತರಿಸುವುದರ ಬಗ್ಗೆ ನನಗೂ ಕುತೂಹಲ ಹುಟ್ಟಿ ಸಿವಿಕ್‌ಗೆ ಲೆಕ್ಕ ಹಾಕಿದೆ. ಹಿಂದೆ 25 ಮಿ.ಮೀ. ಎತ್ತರಿಸಿದರೆ ನಿಂತಲ್ಲಿ ಮುಂದಿನ ಚಕ್ರಗಳಿಗೆ ಸಿಗುವ ಹೆಚ್ಚುವರಿ ಭಾರ ಒಂದು ಕಿಲೋ ಕೂಡ ಇಲ್ಲ. ಆದರೆ ಗುರುತ್ವಕೇಂದ್ರ ಸುಮಾರು 9.5 ಮಿ.ಮೀ. ಮೇಲೇರುವುದರಿಂದ ಹೊರಡುವಾಗ ಹೆಚ್ಚುಕಡಿಮೆ ಮೂರು ಕಿಲೋ ಹಿಂದಕ್ಕೆ ಹೋಗುತ್ತದೆ. ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚು. ನಿಮಗೆ ಲಾಭ ಕಂಡಿದ್ದರೆ ಅದು ಎತ್ತರದಿಂದಲ್ಲ, ರಬ್ಬರ್ ಬಫರ್‌ಗಳ ಬಿಗಿಯಿಂದ ಬಂದಿರಬೇಕು.

ಪ್ರಶ್ನೆ ಕೇಳಿದವರಿಗೆ ಇನ್ನೂ ಒಂದು ಸಂಗತಿ. ಹಿಂಬದಿಯ ಸೀಟು, ಸ್ಟೆಪ್ನಿ, ಒಳಗಿನ ಹೊದಿಕೆಗಳನ್ನು ತೆಗೆದು ಮುಂದಿನ ಪಾಲನ್ನು ಶೇ. 62ರಿಂದ 65ಕ್ಕೆ ಏರಿಸಿದರೆ ವೇಗೋತ್ಕರ್ಷದ ಮಿತಿ 0.76ರಿಂದ 0.79 ಜಿಗೆ ಹೋಗುತ್ತದೆ. ಗುರುತ್ವಕೇಂದ್ರವನ್ನು 50 ಮಿ.ಮೀ. ತಗ್ಗಿಸಿದರೂ ಇದರ ಅರ್ಧದಷ್ಟೇ ಲಾಭ. ಸ್ಪ್ರಿಂಗ್‌ಗೆ ದುಡ್ಡು ಸುರಿಯುವ ಮೊದಲು ಸ್ಪ್ಯಾನರ್ ಹಿಡಿದು ಡಿಕ್ಕಿಯೊಳಗೆ ಇಳಿಯಿರಿ. ನಿಮ್ಮ ವರ್ಗದ ನಿಯಮ ಒಪ್ಪಿದರೆ ಹಿಂದಕ್ಕೆ ಚಾಚಿಕೊಂಡ ವೀಲಿ ಬಾರ್ (ತುದಿಯಲ್ಲಿ ಚಿಕ್ಕ ಚಕ್ರಗಳಿರುವ ಸರಳು) ಕೂಡ ಹಾಕಬಹುದು. ಹಿಂಚಕ್ರ ಚಾಲನೆಯ ಕಾರಿನಲ್ಲಿ ಅದು ಮೂತಿ ಏಳುವುದಕ್ಕೆ ಕಡಿವಾಣ. ನಿಮ್ಮ ಕಾರಿನಲ್ಲಿ ಹಿಂದೆ ಬಂದ ಭಾರದ ಒಂದು ಪಾಲನ್ನು ಹಿಂಚಕ್ರಗಳಿಗಿಂತ ಆಚೆ ಹೊತ್ತುಕೊಳ್ಳುವುದರಿಂದ ಕಾರು ಉದ್ದವಾದಂತೆ ವರ್ತಿಸುತ್ತದೆ. ಸೂತ್ರದಲ್ಲಿದ್ದ ವೀಲ್‌ಬೇಸನ್ನೇ ಬದಲಿಸುವ ಉಪಾಯ ಇದೊಂದೇ.

ಹಳೇ ಸಿವಿಕ್

ಇಬ್ಬರಿಗೂ ಕೃತಜ್ಞತೆಗಳು. ಸರಳಿನ ವಿಚಾರವನ್ನು ಕೈಬಿಟ್ಟೆ. ಈ ಶನಿವಾರ ಟೇಪ್ ಹಿಡಿದು ಅಳೆದಾಗ ನನ್ನ ಕಾರಿನ ಅನುಪಾತ 0.7ರ ಹತ್ತಿರವೇ ಬಂತು. ಆ ಕೆಲಸಕ್ಕೆಂದು ಕಾರಿನಡಿ ಮಲಗಿದಾಗ ಟ್ರೇಲಿಂಗ್ ಆರ್ಮ್‌ನ ದೊಡ್ಡ ಬುಷ್ (ಕೀಲಿನ ರಬ್ಬರ್) ಎರಡೂ ಕಡೆ ಸೀಳಿರುವುದು ಕಣ್ಣಿಗೆ ಬಿತ್ತು. ಸ್ಪ್ರಿಂಗ್ ಬಿಗಿ ಮಾಡುವ ಮೊದಲು ಅವನ್ನು ಬದಲಿಸಬೇಕೇ, ಅಥವಾ ಒಟ್ಟಿಗೆ ಮಾಡಿದರೆ ಸಾಕೇ?

ಸ್ಪ್ರಿಂಗ್ ಲೆಕ್ಕ

ಮೊದಲು ಬುಷ್. ಆ ಬುಷ್ ಸೀಳಿದ್ದರೆ ಬ್ರೇಕ್ ಒತ್ತಿದಾಗ ಆರ್ಮ್ ಹಿಂದಕ್ಕೆ ಸರಿದು ಹಿಂಚಕ್ರಗಳ ದಿಕ್ಕೇ ಬದಲಾಗುತ್ತದೆ, ಹುಬ್ಬಳ್ಳಿಯವರು ಹೇಳಿದ ಅಡ್ಡ ತಿರುಗುವಿಕೆಗೆ ಅದಕ್ಕಿಂತ ಒಳ್ಳೆಯ ಆಹ್ವಾನ ಬೇಕಿಲ್ಲ. ಬುಷ್ ಹಾಕಿಸಿ, ಹಿಂಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ಹಳೆಯ ಸ್ಪ್ರಿಂಗ್‌ನಲ್ಲೇ ಒಂದು ದಿನ ಓಡಿಸಿ 60 ಅಡಿಯ ಸಮಯ ಬರೆದುಕೊಳ್ಳಿ. ಆಮೇಲೆ ಸ್ಪ್ರಿಂಗ್ ಬದಲಿಸಿದಾಗ ಯಾವುದು ಎಷ್ಟು ಕೊಟ್ಟಿತು ಎಂಬುದು ನಿಮಗೂ ತಿಳಿಯುತ್ತದೆ, ಇಲ್ಲಿ ಬರೆದರೆ ನಮಗೂ ತಿಳಿಯುತ್ತದೆ.