ಸಹಾಯ ಬೇಕು: ಚಂಡೆಯ ಪ್ರತಿ ಪೆಟ್ಟಿಗೂ ಭಾಗವತರ ದನಿ ಕುಗ್ಗುತ್ತಿದೆ

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ನಮ್ಮೂರಲ್ಲಿ ಆದ ತಾಳಮದ್ದಳೆಯ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ರೆಕಾರ್ಡಿಂಗನ್ನು ರೀಪರ್ ಎಂಬ ಆಡಿಯೋ ಸಾಫ್ಟ್‌ವೇರ್‌ನಲ್ಲಿ ಮಾಸ್ಟರಿಂಗ್ (ಕೊನೆಯ ಹಂತದ ಹದ) ಮಾಡುತ್ತಿದ್ದೇನೆ. ಇರುವುದು ಒಂದೇ ಸ್ಟೀರಿಯೋ ಫೈಲ್. ಬೇರೆ ಬೇರೆ ಟ್ರ್ಯಾಕ್ ಇಲ್ಲ.

ಅರ್ಥಗಾರಿಕೆ, ಅಂದರೆ ಮಾತಿನ ಭಾಗ, ತುಂಬಾ ಮೆಲ್ಲಗಿದೆ, ಚಂಡೆ ಮಾತ್ರ ಸೊನ್ನೆ ಡೆಸಿಬೆಲ್ (ಡಿಜಿಟಲ್ ಆಡಿಯೋದ ಗರಿಷ್ಠ ಮಟ್ಟ) ಮುಟ್ಟುತ್ತದೆ. ಯೂಟ್ಯೂಬ್ ಜೋರಾದ ಆಡಿಯೋವನ್ನು ಸುಮಾರು -14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಒಟ್ಟಾರೆ ಎಷ್ಟು ಜೋರು ಎಂಬುದರ ಅಳತೆ) ಇಳಿಸುತ್ತದೆ ಅಲ್ವಾ, ಅಲ್ಲಿಯವರೆಗಾದರೂ ಏರಿಸೋಣ ಅಂತ ಹೊರಟೆ. ಲಿಮಿಟರ್‌ನ (ಶಬ್ದ ಒಂದು ಮಿತಿ ದಾಟದಂತೆ ತಡೆಯುವ ಪ್ಲಗಿನ್) ಸೀಲಿಂಗ್, ಅಂದರೆ ಆ ಮಿತಿಯನ್ನು, -1 ಡೆಸಿಬೆಲ್‌ಗೆ ಇಟ್ಟು ಗೇನ್ ಕೊಟ್ಟು ಜೋರು ಮಾಡಿದರೆ, ಚಂಡೆಯ ಪ್ರತಿ ಪೆಟ್ಟಿಗೂ ಭಾಗವತರ ದನಿ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಏರು ಪದದ ಕೊನೆಯಲ್ಲಿ ಎಳೆದ ಸ್ವರ ಪೂರ್ತಿ ನಡುಗುತ್ತದೆ. ಕೇಳಲು ಸಂಕಟ. ರಿಲೀಸ್ ಟೈಮ್ (ತಗ್ಗಿಸಿದ ಶಬ್ದವನ್ನು ಲಿಮಿಟರ್ ಮತ್ತೆ ಬಿಡಲು ತಗಲುವ ಸಮಯ) ಕಡಿಮೆ ಮಾಡಿದರೆ ಮದ್ದಳೆಯ ದಪ್ಪ ನಾದ ಒಡೆಯುತ್ತದೆ.

ಲಿಮಿಟರ್‌ಗಿಂತ ಮೊದಲು ಮಲ್ಟಿಬ್ಯಾಂಡ್ ಕಂಪ್ರೆಸರ್ (ತಗ್ಗು-ಹೆಚ್ಚು ಸ್ವರಗಳ ಬ್ಯಾಂಡುಗಳನ್ನು ಬೇರೆ ಬೇರೆಯಾಗಿ ಒತ್ತುವ ಪ್ಲಗಿನ್) ಹಾಕಲೇ? ಚಂಡೆಯ ಚುರುಕು ಇರುವ ಬ್ಯಾಂಡಿನಲ್ಲೇ ಹಾಡಿನ ಸ್ಪಷ್ಟತೆಯೂ ಇದೆ, ಅದೇ ಹೆದರಿಕೆ. ಅಥವಾ ಸುಮ್ನೆ ಕೂತು ಅರ್ಥದ ಭಾಗಗಳಿಗೆಲ್ಲ ಕೈಯಲ್ಲೇ ವಾಲ್ಯೂಮ್ ಆಟೊಮೇಷನ್ (ಎಲ್ಲೆಲ್ಲಿ ಎಷ್ಟು ಏರಿಳಿಸಬೇಕೆಂಬ ಗೆರೆ) ಬರೆಯುವುದು ಒಳ್ಳೆಯದೇ? ಸಮಯ ಎಷ್ಟಾದರೂ ಸರಿ, ದನಿ ಕೆಡಬಾರದು.

ಹೊನ್ನಾವರ, ಕುಮಟಾ ಕಡೆ ಯಕ್ಷಗಾನ ರೆಕಾರ್ಡಿಂಗ್ ಮಾಡುವವರು ಇದ್ದರೆ ದಯವಿಟ್ಟು ನಿಮ್ಮ ಸೆಟ್ಟಿಂಗ್ ಹೇಳಿ. ಚಂಡೆ, ಹಾಡು ಎರಡೂ ಇರುವ ಒಂದು ತುಣುಕನ್ನು ವೇವ್ ಫೈಲಾಗಿಯೇ ಕಳಿಸುತ್ತೇನೆ.