ಬೂಷ್ಟು ಹಿಡಿದ ನೆಗೆಟಿವ್‌ಗಳನ್ನು ಉಳಿಸಿಕೊಳ್ಳಲು ಸಹಾಯ ಬೇಕು

ಗುಂಪಿನ ಹಿರಿಯರಿಗೂ ಛಾಯಾಗ್ರಾಹಕ ಮಿತ್ರರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಸ್ಟುಡಿಯೊ ನಡೆಸುತ್ತಿರುವ ನಾನು, ಮದುವೆ ಕೆಲಸಗಳ ಬಿಡುವಿನಲ್ಲಿ ಕೊಡವರ ಐನ್‌ಮನೆಗಳ (ಕುಲದ ಮೂಲಮನೆಗಳ) ಕೆತ್ತನೆಯ ಕಂಬ, ಜಗಲಿಯ ಐಮರ (ಕಂಬಗಳ ನಡುವಿನ ಮರದ ಆಸನ), ಅಂಗಳದಾಚೆಯ ಕೈಮಡಗಳನ್ನು (ಕುಲದ ಹಿರಿಯರ ಗುಡಿಗಳನ್ನು) 35 ಮಿ.ಮೀ. ಕಪ್ಪುಬಿಳುಪು ಫಿಲ್ಮ್‌ನಲ್ಲಿ ದಾಖಲಿಸುತ್ತ ಬಂದಿದ್ದೇನೆ. ಈ ಮಳೆಗಾಲದ ತೇವಕ್ಕೆ ಹಲವು ನೆಗೆಟಿವ್‌ಗಳ ಎಮಲ್ಷನ್ ಬದಿಯಲ್ಲಿ (ಚಿತ್ರ ಮೂಡಿರುವ ಜೆಲಾಟಿನ್ ಲೇಪನದ ಬದಿಯಲ್ಲಿ), ಕವಲೊಡೆದ ಬೇರಿನಂತೆ, ಬೂಷ್ಟು ಹಬ್ಬಿದೆ. ಅವುಗಳಲ್ಲಿರುವ ಕೆಲವು ಮನೆಗಳು ಈಗ ಉಳಿದಿಲ್ಲವಾದ್ದರಿಂದ ಮತ್ತೆ ತೆಗೆಯುವ ಮಾತೇ ಇಲ್ಲ. ಬೂಷ್ಟು ತಗುಲಿದ ಜೆಲಾಟಿನ್ ಪದರ ನೀರಿನಲ್ಲಿ ಕರಗಿಬಿಡಬಹುದು, ಹಾಗಾಗಿ ತೊಳೆಯಲು ಧೈರ್ಯವಾಗುತ್ತಿಲ್ಲ. ನೀರಿನಂಶವಿಲ್ಲದ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಇಂಥ ಫಿಲ್ಮ್ ಒರೆಸಿ ಅನುಭವವಿರುವವರು ವಿಧಾನವನ್ನು ದಯವಿಟ್ಟು ವಿವರಿಸಬೇಕು. ಕೊಡಗಿನಲ್ಲಾಗಲಿ ಮೈಸೂರಿನಲ್ಲಾಗಲಿ ಒಳ್ಳೆಯ ಫಿಲ್ಮ್ ಸ್ಕ್ಯಾನರ್ ಇರುವವರು ತಿಳಿಸಿದರೆ ನಾನೇ ಬರುತ್ತೇನೆ. ತಗಲುವ ವೆಚ್ಚವನ್ನೂ ಕೊಡುತ್ತೇನೆ.